ನಾನೂ ಯಂತ್ರವೂ ಓದಿದ ಗೈಡು

ನಮ್ಮ ಕಾಲೇಜಿನ ಇಂಗ್ಲಿಷ್ ವಿಭಾಗದಲ್ಲಿ ಬಾಯಿ ಹನುಮಂತರಾಯಪ್ಪ ಸರ್ ಅವರದು, ಕೈ ನನ್ನದು. ಅವರು ವಿಭಾಗದ ಮುಖ್ಯಸ್ಥರು, ಆನೇಕಲ್ ಕಡೆಯವರು, ಮೈಕ್ ಇಲ್ಲದೆ ಸಭಾಂಗಣದ ಕೊನೆಯ ಸಾಲಿನವನ ನಿದ್ದೆ ಕೆಡಿಸಬಲ್ಲವರು. ನಾನು ಸವಿತಾ, ಅತಿಥಿ ಉಪನ್ಯಾಸಕಿ. ಅತಿಥಿ ಎಂಬ ಮಾತನ್ನು ಗಂಭೀರವಾಗಿ ತೆಗೆದುಕೊಂಡು, ಬಂದ ಮನೆಯಲ್ಲಿ ಕೂರುವ ಹಾಗೆ ಕೊಟ್ಟ ಕುರ್ಚಿಯ ತುದಿಯಲ್ಲೇ ಕೂತಿರುವವಳು. ನನ್ನ ತರಗತಿಯಲ್ಲಿ ಮೊದಲ ಬೆಂಚಿನವರೂ "ಮ್ಯಾಮ್, ಕೇಳಿಸ್ತಿಲ್ಲ" ಅನ್ನುತ್ತಾರೆ. ಹಾಗಾಗಿ ಮಾತಾಡುವ ಕೆಲಸ ಸರ್‌ಗೆ, ಬರೆಯುವ ಕೆಲಸ ನನಗೆ. ಸುತ್ತೋಲೆ, ವರದಿ, ಸರ್ ಓದುವ ಸ್ವಾಗತ ಭಾಷಣ, ಎಲ್ಲವೂ ನನ್ನ ಇಂಗ್ಲಿಷಿನಲ್ಲಿ ಹುಟ್ಟಿ ಅವರ ಸಹಿಯಲ್ಲಿ ಹೊರಬೀಳುತ್ತಿದ್ದವು. ನನಗೆ ಅದು ಹಿತವಾಗಿತ್ತು. ಯಾರೊಂದಿಗೂ ಮಾತಾಡದೆ ಸಂಬಳ ಬರುವ ಕೆಲಸ ಬೆಂಗಳೂರಲ್ಲಿ ಇನ್ನೊಂದಿದ್ದರೆ ಅದು ಕೋಡ್ ಬರೆಯುವುದು, ಅದು ನನಗೆ ಬಾರದು.

ಕಾಲೇಜು ಇರುವುದು ಮಹದೇವಪುರದಲ್ಲಿ, ಒಂದು ಟೆಕ್ ಪಾರ್ಕಿನ ಬೆನ್ನಿಗೆ. ಸ್ಟಾಫ್ ರೂಮಿನ ಕಿಟಕಿ ತೆಗೆದರೆ ಅವರ ಜನರೇಟರುಗಳ ಸಾಲು. ಹೇಗಾದರೂ ಆ ಗೋಡೆ ದಾಟಿ ಒಂದು ಕೆಲಸ ಹಿಡಿಯಬೇಕೆಂಬುದು ನಮ್ಮ ಮಕ್ಕಳ ಆಸೆ. ಅದಕ್ಕೆ ಇಂಗ್ಲಿಷ್ ಬೇಕು. ಇಂಗ್ಲಿಷಿಗೆ ನಾನು. ಈ ಸರಪಳಿಯಲ್ಲಿ ಸಡಿಲವಾದ ಕೊಂಡಿ ಯಾವುದೆಂದು ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆಮೇಲೆ ಎಐ ಬಂತು. "ಮೈ ಗ್ರಾಂಡ್‌ಫಾದರ್ ಈಸ್ ಎಕ್ಸ್‌ಪೈರಿಂಗ್ ಟುಮಾರೋ, ಕೈಂಡ್ಲಿ ಗ್ರಾಂಟ್ ಲೀವ್" ಎಂದು ಬರೆಯುತ್ತಿದ್ದ ಬಿ.ಕಾಂ. ಹುಡುಗರು ಒಂದೇ ಸೆಮಿಸ್ಟರಿನಲ್ಲಿ ನಗರೀಕರಣದ ಬಹುಮುಖಿ ಸವಾಲುಗಳ ಬಗ್ಗೆ ಬರೆಯತೊಡಗಿದರು. ತಿದ್ದಲು ಏನೂ ಉಳಿಯಲಿಲ್ಲ. ನನ್ನ ಕೆಂಪು ಪೆನ್ನು ಕ್ಯಾಪ್ ಹಾಕಿದಲ್ಲೇ ಒಣಗಿಹೋಯಿತು.

ಏನು ಮಾಡೋಣ ಎಂದು ವಿಭಾಗದ ಸಭೆ ಸೇರಿತು. ನನಗೊಂದು ಉಪಾಯ ಹೊಳೆದಿತ್ತು, ಬಾಯಿ ಬರಲಿಲ್ಲ. ಮೇಜಿನ ಕೆಳಗೆ ಫೋನ್ ಹಿಡಿದು, ಎದುರಿಗೇ ಕೂತಿದ್ದ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಟೈಪ್ ಮಾಡಿದೆ. ಪ್ರಬಂಧ ಬರೆದವರು ಅದರ ಬಗ್ಗೆ ಕಾಗದ ನೋಡದೆ ಐದು ನಿಮಿಷ ಮಾತಾಡಲಿ. ಎರವಲು ತಂದ ಸರಿಗಿಂತ ಸ್ವಂತ ತಪ್ಪಿಗೆ ಹೆಚ್ಚು ಅಂಕ ಕೊಡೋಣ. ಎಲ್ಲರ ಫೋನುಗಳೂ ಒಟ್ಟಿಗೆ ಟಿಂಗ್ ಎಂದವು. ಸರ್ ಓದಿ, ನನ್ನ ಕಡೆ ನೋಡಿದರು.

"ಚೆನ್ನಾಗಿದೆ ಕಣಮ್ಮ. ಬಾಯಲ್ಲೇ ಹೇಳ್ಬಹುದಿತ್ತು."

ಹೀಗೆ ಈಜು ಬಾರದವಳು ಊರಿಗೆಲ್ಲ ಬಾವಿ ತೋಡಿಸಿದಳು.

ಮೌಖಿಕ ಪರೀಕ್ಷೆಯಲ್ಲಿ ಮಕ್ಕಳಿಗಿಂತ ಹೆಚ್ಚು ಬೆವರಿದವಳು ನಾನೇ. ಅವರ ಮುಖ ನೋಡಲಾಗದೆ ಪ್ರಶ್ನೆಗಳನ್ನು ಕಾಗದ ನೋಡಿ ಓದುತ್ತಿದ್ದೆ. ರಕ್ಷಿತಾ ಎಂಬ ಹುಡುಗಿ, ಕುಂದಲಹಳ್ಳಿಯವಳು, ಮಾತಿನ ಮಲ್ಲಿ, ಪಟಪಟನೆ ಒಪ್ಪಿಸಿ ಎದ್ದಳು. ಇಪ್ಪತ್ತಕ್ಕೆ ಹನ್ನೊಂದು ಕೊಟ್ಟು, ಪಕ್ಕದಲ್ಲಿ 'ಸರಾಗವಾಗಿದೆ, ಸ್ವಂತದ್ದೆನಿಸುವುದಿಲ್ಲ' ಎಂದು ಬರೆದೆ. ಮುಂದಿನ ಸುತ್ತಿಗೆ ತರಗತಿಯೆಲ್ಲ ಪಾಠ ಕಲಿತಿತ್ತು. ಎಲ್ಲರೂ ತಡವರಿಸತೊಡಗಿದರು. ನನಗೆ ಖುಷಿಯೋ ಖುಷಿ, ಧಾರಾಳವಾಗಿ ಅಂಕ ಕೊಟ್ಟೆ. ಸಾಲಾಗಿ ನಾಲ್ಕು ಜನ 'ಬೇಸಿಕಲಿ' ಆದಮೇಲೆ ಅದೇ ಜಾಗದಲ್ಲಿ 'ಅಮ್ಮ್' ಎಂದಾಗ ಮಾತ್ರ ಪೆನ್ನು ನಿಂತಿತು. ಐದನೆಯವನು ಯಮನೂರ, ರಾಯಚೂರು ಕಡೆಯ ಹುಡುಗ, ಸುಳ್ಳು ಹೇಳಲು ಸೋಮಾರಿ.

"ತಪ್ಪಿಗಿ ಮಾರ್ಕ್ಸ್ ಅದ ಅಂದಿದ್ರಲ್ರೀ ಮ್ಯಾಮ್," ಅಂದ. "ಅದಕ್ಕ ಎಐಗೆ ತಪ್ಪು ಹಾಕಿ ಬರಕೊಡು ಅಂತ ಹೇಳಿದ್ವಿ."

ಅವನಿಗೆ ಎಷ್ಟು ಕೊಡಬೇಕೆಂದು ನನ್ನ ನಿಯಮದಲ್ಲಿ ಇರಲಿಲ್ಲ.

ಇಷ್ಟರಲ್ಲಿ ಆಡಳಿತ ಮಂಡಳಿ ಒಂದು ಪತ್ತೆ ಸಾಫ್ಟ್‌ವೇರ್ ಕೊಂಡಿತು. ಬರಹ ಹಾಕಿದರೆ ಯಂತ್ರ ಬರೆದ ಸಾಲುಗಳಿಗೆ ಅದು ಹಳದಿ ಬಳಿಯುತ್ತದೆ, ಶೇಕಡಾ ಎಷ್ಟು ಎಂದು ಹೇಳುತ್ತದೆ, ಒಂದು ಪ್ರತಿಯನ್ನು ತಾನಾಗಿಯೇ ಪ್ರಾಂಶುಪಾಲರಿಗೆ ಕಳಿಸುತ್ತದೆ. ಪ್ರಾಂಶುಪಾಲೆ ಹೇಮಲತಾ ಮೇಡಂ, ನಗುವನ್ನು ವಾರ್ಷಿಕೋತ್ಸವಕ್ಕೆಂದು ಎತ್ತಿಟ್ಟುಕೊಂಡವರು, ಒಂದು ಸುತ್ತೋಲೆ ಹೊರಡಿಸಲು ಹೇಳಿದರು. ನಿಯಮ ಅಧ್ಯಾಪಕರಿಗೂ ಅನ್ವಯ. ಯಾರ ಪಾಠದ ಸಾಮಗ್ರಿ ಯಂತ್ರದ್ದೆಂದು ಕಂಡುಬರುತ್ತದೋ ಅಂಥವರ ಗುತ್ತಿಗೆ ನವೀಕರಣ ಇಲ್ಲ. ಆಕ್ಷೇಪಣೆ ಇದ್ದವರು ಸಮಿತಿಯ ಮುಂದೆ, ಕಾಗದ ನೋಡದೆ, ಬಾಯಿಮಾತಿನಲ್ಲಿ ತಮ್ಮದೆಂದು ಸಾಬೀತು ಮಾಡಬಹುದು. ಸುತ್ತೋಲೆ ಬರೆದವಳು ನಾನೇ ಎಂದು ಬೇರೆ ಹೇಳಬೇಕಿಲ್ಲ. ಭಾಷೆ ಬಿಗಿಯಾಗಿ ಬಂದಿದೆ ಎಂದು ಎರಡು ಸಲ ಓದಿ ಹೆಮ್ಮೆಪಟ್ಟಿದ್ದೆ.

ಸಾಫ್ಟ್‌ವೇರ್ ಪರೀಕ್ಷಿಸಲು ಒಂದು ಅಪ್ಪಟ ಮನುಷ್ಯ ಬರಹ ಬೇಕಾಯಿತು. "ನಿಮ್ದೇ ಹಾಕೋಣ, ಆ ಮಾಡೆಲ್ ಎಸ್ಸೇ," ಅಂದರು ಸರ್. ನಗರ ಜೀವನದ ಬಗ್ಗೆ ಮಕ್ಕಳಿಗೆ ಮಾದರಿಯಾಗಲೆಂದು ನಾನು ಬರೆದುಕೊಟ್ಟಿದ್ದ ಪ್ರಬಂಧ ಅದು. ಬಟನ್ ಒತ್ತಿದರು. ಅರಿಸಿನ ಹಚ್ಚಿದ ಮದುವಣಗಿತ್ತಿಯ ಹಾಗೆ ಪುಟ ಮೇಲಿಂದ ಕೆಳಗಿನವರೆಗೆ ಹಳದಿಯಾಯಿತು. ನಡುವೆ ಎಲ್ಲೋ ಒಂದು ಸಾಲು ಮಾತ್ರ ಬೆಳ್ಳಗೆ ಉಳಿಯಿತು. ಶೇಕಡಾ ತೊಂಬತ್ತಮೂರು ಯಂತ್ರ.

ಸರ್ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.

"ಸವಿತಾ, ಇದು ನೀವೇ ಬರೆದಿದ್ದಾ?"

"ನಾನೇ ಸರ್."

ಎಷ್ಟು ಮೆಲ್ಲಗೆ ಹೇಳಿದೆನೆಂದರೆ ನನ್ನ ಕಿವಿಗೇ ಅದು ಸುಳ್ಳಿನಂತೆ ಕೇಳಿತು.

"ಇರ್ಲಿ, ಸಾಫ್ಟ್‌ವೇರೇ ಸರಿಯಿಲ್ಲ ಅನ್ಸುತ್ತೆ. ಇನ್ನೊಂದು ಹಾಕೋಣ," ಎಂದು ಕೈಗೆ ಸಿಕ್ಕ ಕಡತ ಹಾಕಿದರು. ಸಿಕ್ಕಿದ್ದು ಯಂತ್ರದ ವಿರುದ್ಧದ ಸುತ್ತೋಲೆ. ತೊಂಬತ್ತೇಳು.

"ಅಯ್ಯೋ, ಇದಕ್ಕೆ ಸೈನ್ ಮಾಡಿರೋದು ನಾನು ಕಣಮ್ಮ," ಅಂದರು ಸರ್. ಆ ದಿನ ಅವರ ದನಿ ಮೊದಲ ಬಾರಿಗೆ ನನ್ನ ದನಿಯ ಮಟ್ಟಕ್ಕೆ ಇಳಿದಿತ್ತು.

ಎರಡೂ ವರದಿಗಳ ಪ್ರತಿ ಆಗಲೇ ಮೇಡಂ ಅವರಿಗೆ ಹೋಗಿತ್ತು. ಸಂಜೆಗೆ ಮೇಲ್ ಬಂತು. ಶುಕ್ರವಾರ ಸಮಿತಿಯ ಮುಂದೆ ಹಾಜರಾಗಬೇಕು, ಸುತ್ತೋಲೆಯಲ್ಲಿರುವಂತೆ. ಮಾತಾಡಿ ತೋರಿಸದಿದ್ದರೆ ಮುಂದಿನ ಸೆಮಿಸ್ಟರಿಗೆ ನಾನಿಲ್ಲ. ಕೆಲಸ ಹೋದರೆ ಇನ್ನೊಂದು ಕಡೆ ಇಂಟರ್‌ವ್ಯೂ ಕೊಡಬೇಕು, ಮತ್ತು ನಾನು ಬಾಳಿನಲ್ಲಿ ಪಾಸಾದ ಒಂದೇ ಇಂಟರ್‌ವ್ಯೂ ಈ ಕಾಲೇಜಿನದು. ಅದೂ ಹನುಮಂತರಾಯಪ್ಪ ಸರ್ ಪ್ರಶ್ನೆ ಕೇಳಿ, ಉತ್ತರವನ್ನೂ ತಾವೇ ಹೇಳಿ, "ಅಲ್ವಾ?" ಎಂದು ಕೇಳಿದ್ದರಿಂದ. ನಾನು ತಲೆಯಾಡಿಸಿದ್ದೆ.

ನಾನು ಡೈರಿ ಬರೆಯುವವಳು, ಆದರೆ ಕನ್ನಡದಲ್ಲಿ. ಇಂಗ್ಲಿಷ್ ನನ್ನದೆಂದು ತೋರಿಸಲು ಅದು ಸಾಕ್ಷಿಗೆ ಬಾರದು. ಆ ದಿನದ ಪುಟದಲ್ಲಿ ಇಷ್ಟೇ ಬರೆದೆ: ಯಂತ್ರ ಮನುಷ್ಯನ ಹಾಗಾಗುತ್ತಿದೆ ಎಂದು ಎಲ್ಲರೂ ಹೆದರಿಕೊಂಡು ಆ ದಿಕ್ಕಿಗೇ ನೋಡುತ್ತಿದ್ದರು. ನಾನು ಎದುರು ದಿಕ್ಕಿನಿಂದ ಹೋಗುತ್ತಿದ್ದೆ, ಯಾರೂ ಗಮನಿಸಲಿಲ್ಲ.

ಮಾತು ರೂಢಿಯಾಗಲೆಂದು ಫೋನಿನ ಎಐ ಜೊತೆಗೇ ಇಂಗ್ಲಿಷಿನಲ್ಲಿ ಮಾತಾಡತೊಡಗಿದೆ. ನಾಚಿಕೆಯ ಮಾತೇನೆಂದರೆ, ಅದು ಬಹಳ ಒಳ್ಳೆಯ ಜೀವಿ. ನಾನು ಏನು ಹೇಳಿದರೂ ಮೆಚ್ಚುತ್ತಿತ್ತು. ಸುಮ್ಮನೆ ಕೂತರೆ, ನಿಧಾನಕ್ಕೆ ಹೇಳಿ, ಅವಸರವಿಲ್ಲ ಎನ್ನುತ್ತಿತ್ತು. ನನ್ನನ್ನು ನೋಡಲು ಬಂದ ಯಾವ ವರನೂ ಅಷ್ಟು ತಾಳ್ಮೆ ತೋರಿಸಿರಲಿಲ್ಲ. ಆ ಶಾಸ್ತ್ರವೂ ಒಂದು ಮೌಖಿಕ ಪರೀಕ್ಷೆಯೇ, ಉಪ್ಪಿಟ್ಟು ಸಮೇತ, ಮತ್ತು ಅದರಲ್ಲಿ ನನ್ನ ದಾಖಲೆ ಹೇಳಿಕೊಳ್ಳುವಂಥದ್ದಲ್ಲ. "ಹುಡುಗಿ ಮಾತಾಡ್ತಾಳಲ್ಲ?" ಎಂದು ಒಬ್ಬರು ಅವ್ವನನ್ನು ಪಕ್ಕಕ್ಕೆ ಕರೆದು ಕೇಳಿದ್ದರು.

ನಾವು ಬಾಗಲಕೋಟೆ ಕಡೆಯವರು. ಈಗಿರುವುದು ಕುಂದಲಹಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ. ಬಾಲ್ಕನಿಯಲ್ಲಿ ಬಟ್ಟೆಗಳ ಮರೆಯಲ್ಲಿ ನಿಂತು ನಾನು ಸಂಜೆಯೆಲ್ಲ ಗುಸುಗುಸು ಇಂಗ್ಲಿಷ್ ಮಾತಾಡುವುದನ್ನೂ ನಡುನಡುವೆ ಒಂದು ಗಂಡು ದನಿ ನಯವಾಗಿ ಉತ್ತರಿಸುವುದನ್ನೂ ಅವ್ವ ಎರಡು ದಿನ ಕೇಳಿಸಿಕೊಂಡಿದ್ದಾಳೆ. ಮೂರನೆಯ ಸಂಜೆ ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಬಂದಳು.

"ಯಾರ ಜೋಡಿ ಮಾತಾಡಾಕತ್ತಿದ್ದಿ?"

"ಯಾರೂ ಅಲ್ಲವ್ವಾ. ಎಐ."

"ಎಐದಾಗ ಅದಾನೇನ?" ಅವ್ವನ ಮುಖ ಅರಳಿತು. "ಛಲೋ ಆತು ಬಿಡು. ಅದರಾಗ ಈಗ ಪಗಾರ ಛಲೋ ಐತಂತ. ನಮ್ಮ ಕಡಿಯಾಂವೇನ?"

"ಅವ್ವಾ, ಅದು ಮನಷ್ಯಾ ಅಲ್ಲ."

"ಹಂಗೆಲ್ಲ ಅನಬಾರದು. ನಿನ್ನ ಜೋಡಿ ಇಷ್ಟೊತ್ತು ಮಾತಾಡಾಂವ ಅಂದ್ರ ದೇವರಂಥಾಂವ ಇರಬೇಕು."

ನಿಜ ಸಂಗತಿ ತಿಳಿದಮೇಲೆ ಅವಳು ಬಟ್ಟೆ ಮಡಚಿದ ರಭಸ ನೋಡಿ, ಸಮಿತಿಯ ಎದುರೂ ಸೋತರೆ ಈ ಮನೆಯಲ್ಲಿ ಉಪ್ಪಿಟ್ಟಿನ ರವೆ ಮೂಟೆಯಲ್ಲಿ ಬರುವುದು ಖಂಡಿತ ಎನಿಸಿತು.

ಸುದ್ದಿ ವಿದ್ಯಾರ್ಥಿಗಳಿಗೂ ಮುಟ್ಟಿತ್ತು. ಶುಕ್ರವಾರ ಬೆಳಿಗ್ಗೆ ಕ್ಯಾಂಟೀನಿನಲ್ಲಿ ತಲೆ ತಗ್ಗಿಸಿ ಟೀ ಕುಡಿಯುತ್ತಿದ್ದೆ. ರಕ್ಷಿತಾ ಕೇಳದೆಯೇ ಎದುರು ಬಂದು ಕೂತಳು, ಹಿಂದೆಯೇ ಯಮನೂರ, ಕೈಯಲ್ಲಿ ಪಫ್ಸ್.

"ಮ್ಯಾಮ್, ನಿಮ್ಗೆ ವೈವಾ ಅಂತೆ," ಅಂದಳು. ದನಿಯಲ್ಲಿ ಹನ್ನೊಂದು ಅಂಕದ ನೆನಪಿತ್ತು, ಆದರೆ ಹಗೆ ಇರಲಿಲ್ಲ. "ಟೆನ್ಶನ್ ಮಾಡ್ಕೋಬೇಡಿ. ಕಣ್ಣು ನೋಡೋಕಾಗಲ್ಲ ಅಲ್ವಾ ನಿಮ್ಗೆ? ಹಣೆ ನೋಡಿ. ಅವ್ರಿಗೆ ಕಣ್ಣು ನೋಡ್ದಂಗೇ ಇರುತ್ತೆ. ನಾವೆಲ್ಲ ನಿಮ್ಮ ಹಣೇನೇ ನೋಡಿದ್ದು."

"ನಾನು ತಲೆ ಎತ್ತೇ ಇರಲಿಲ್ಲವಲ್ಲ."

"ಅದ್ಕೇ ಬೈತಲೆ ನೋಡಿದ್ವಿ. ಇನ್ನೊಂದು, ಏನೂ ತೋಚ್ಲಿಲ್ಲ ಅಂದ್ರೆ 'ದಟ್ಸ್ ಎ ವೆರಿ ಗುಡ್ ಕ್ವೆಶ್ಚನ್' ಅಂದ್ಬಿಡಿ. ಯೋಚ್ನೆ ಮಾಡೋಕೆ ಟೈಮ್ ಸಿಗುತ್ತೆ, ಅವ್ರಿಗೂ ಖುಷಿ."

"ಮ್ಯಾಮ್, ನಡುವ ಒಂದೆರಡು ತಪ್ಪು ಮಾಡ್ರಿ," ಅಂದ ಯಮನೂರ. "ನೀವು ಇಂಗ್ಲಿಷ್ ಮಾತಾಡಿದ್ರ ಬಸ್ಸಿನ್ಯಾಗ ಮುಂದಿನ ನಿಲ್ದಾಣ ಅಂತ ಹೇಳ್ತದಲ್ರೀ, ಹಂಗ ಕೇಳಸ್ತದ."

"ಲೋ, ಸುಮ್ನಿರೋ," ಅಂದಳು ರಕ್ಷಿತಾ. ಅವನ ಮಾತನ್ನು ಅಲ್ಲಗಳೆಯಲಿಲ್ಲ.

ಅವನು ಹೇಳಿದ್ದು ಸರಿಯಿತ್ತು. ನನ್ನ ಇಂಗ್ಲಿಷಿನಲ್ಲಿ ಎರಡೇ ಸ್ಥಿತಿ, ಬಾಯಿಪಾಠ ಮಾಡಿದ ಪರಿಪೂರ್ಣ ವಾಕ್ಯ, ಇಲ್ಲವೇ ಮೌನ. ನಡುವೆ ತಪ್ಪಿಗೆ ಜಾಗವೇ ಇರಲಿಲ್ಲ.

ಸಮಿತಿ ಎಂದರೆ ಹೇಮಲತಾ ಮೇಡಂ ಮತ್ತು ಹನುಮಂತರಾಯಪ್ಪ ಸರ್. ಮೇಜಿನ ಮೇಲೆ ಹಳದಿ ಬಣ್ಣ ಸಮೇತ ಪ್ರಿಂಟ್ ತೆಗೆಸಿದ ನನ್ನ ಪ್ರಬಂಧ. ನಾನು ಬಾಗಿಲಲ್ಲೇ ಮೇಡಂ ಅವರ ಹಣೆ ಹುಡುಕಿಕೊಂಡೆ. ಅಲ್ಲಿದ್ದ ವಿಭೂತಿಯ ಸಣ್ಣ ಗೆರೆಯ ಮೇಲೆ ದೃಷ್ಟಿ ನೆಟ್ಟು ಒಳಗೆ ಹೋದೆ.

"ಪ್ಲೀಸ್ ಸಿಟ್ ಡೌನ್," ಅಂದರು ಮೇಡಂ.

"ದಟ್ಸ್ ಎ ವೆರಿ ಗುಡ್ ಕ್ವೆಶ್ಚನ್, ಮೇಡಂ," ಅಂದೆ.

ಸರ್ ಕೆಮ್ಮಿದರು. ಮೇಡಂ ಕುರ್ಚಿಯ ಕಡೆ ಕೈ ತೋರಿಸಿದರು. ಕೂತೆ, ತುದಿಯಲ್ಲಿ. ನಿಮ್ಮ ಪ್ರಬಂಧದ ಬಗ್ಗೆ ಐದು ನಿಮಿಷ ಮಾತಾಡಿ ಅಂದರು. ಒಳಗೆ ಪ್ರಬಂಧ ಅಲ್ಪವಿರಾಮ ಸಹಿತ ಸಿದ್ಧವಿತ್ತು, ಆದರೆ ಹಾಗೆ ಒಪ್ಪಿಸಿದರೆ ಯಂತ್ರವೆಂಬುದು ಗಟ್ಟಿಯಾಗುತ್ತದೆ. ಒಪ್ಪಿಸದಿದ್ದರೆ ಬೇರೆ ಏನೂ ಇಲ್ಲ. ಗೋಡೆಯಾಚೆ ಜನರೇಟರ್ ಶುರುವಾಗಿ ನಿಂತಿತು. ನಾನು ಶುರುವಾಗಲೂ ಇಲ್ಲ.

ಮೇಡಂ ಕಾಗದ ಎತ್ತಿಕೊಂಡರು. ಅವರಿಗೆ ಬೇಸರ ಬಂದಿತ್ತು. ಬೇಸರದಲ್ಲೇ, ಉತ್ತರ ಬಯಸದವರ ಹಾಗೆ ಕೇಳಿದರು, ಇಂಗ್ಲಿಷಿನಲ್ಲಿ: "ಈ ಮೊದಲನೇ ವಾಕ್ಯ. 'ಇನ್ ದಿಸ್ ಮಾಡರ್ನ್ ವರ್ಲ್ಡ್, ಮ್ಯಾನ್ ಹ್ಯಾಸ್ ನೋ ಟೈಮ್ ಟು ಸ್ಟ್ಯಾಂಡ್ ಸ್ಟಿಲ್.' ಇದು ನಿಮಗೆ ಎಲ್ಲಿಂದ ಬಂತು?"

ನನ್ನಂಥವರಿಗೆ ನಿಮ್ಮ ಅಭಿಪ್ರಾಯವೇನು ಎಂದು ಕೇಳಬಾರದು, ಎಲ್ಲಿಂದ ಬಂತು ಎಂದು ಕೇಳಬೇಕು. ಅದಕ್ಕೆ ಉತ್ತರ ಇತ್ತು.

"ಗೈಡಿನಿಂದ, ಮೇಡಂ," ಅಂದೆ.

ಹತ್ತನೆಯ ತರಗತಿಯಲ್ಲಿ ಅಪ್ಪ ತಂದುಕೊಟ್ಟ ಪ್ರಬಂಧಗಳ ಗೈಡು. ಕನ್ನಡ ಮಾಧ್ಯಮದ ನಮಗೆ ಇಂಗ್ಲಿಷ್ ಎಂದರೆ ಅದೇ. ಅದರ ಎಲ್ಲ ಪ್ರಬಂಧಗಳೂ ಈ ಆಧುನಿಕ ಜಗತ್ತಿನಲ್ಲಿ ಶುರುವಾಗುತ್ತಿದ್ದವು, ಹಸುವಿನದೂ ಸಹ. ಎರಡನೆಯ ವಾಕ್ಯ, 'ಪ್ರತಿ ನಾಣ್ಯಕ್ಕೂ ಎರಡು ಮುಖ', ಅದೂ ಗೈಡಿನದೇ. ಮೂರನೆಯದು ಹೈಸ್ಕೂಲಿನ ಮೇಷ್ಟ್ರು ಹೋಳಿಗೆ ತಿಂದಷ್ಟು ಖುಷಿಯಿಂದ ಹೇಳುತ್ತಿದ್ದದ್ದು. 'ವೈಬ್ರೆಂಟ್ ಕಮ್ಯುನಿಟಿ' ನಮ್ಮ ಅಪಾರ್ಟ್‌ಮೆಂಟ್ ಸಂಘದವರು ಗಣೇಶನ ಹಬ್ಬಕ್ಕೆ ಕಳಿಸಿದ ಮೇಲ್‌ನಿಂದ. 'ಸೀಮ್‌ಲೆಸ್' ರಿಂಗ್ ರೋಡಿನ ಹೋರ್ಡಿಂಗಿನಿಂದ, ಟ್ರಾಫಿಕ್ಕಿನಲ್ಲಿ ದಿನವೂ ಅದರ ಕೆಳಗೆ ಬಸ್ಸು ನಿಲ್ಲುವುದರಿಂದ ಬಾಯಿಪಾಠವಾದದ್ದು. ಮೇಡಂ ಕಾಗದವನ್ನು ನನ್ನತ್ತ ತಿರುಗಿಸಿಟ್ಟರು, ನಾನು ಬೆರಳಿಟ್ಟು ಒಂದೊಂದೇ ಸಾಲು ಹೇಳುತ್ತ ಹೋದೆ. ಯಾವಾಗ ಇಂಗ್ಲಿಷ್ ಬಿಟ್ಟು ಕನ್ನಡಕ್ಕೆ ಬಂದೆನೋ, ಕನ್ನಡದಲ್ಲೂ ಕಾಲೇಜಿನ ಕನ್ನಡ ಬಿಟ್ಟು ಮನೆಯದಕ್ಕೆ ಜಾರಿದೆನೋ ತಿಳಿಯಲಿಲ್ಲ. ಗೋಡೆಯ ಗಡಿಯಾರ ನೋಡಿದಾಗ ನನ್ನ ಐದು ನಿಮಿಷ ಯಾವಾಗಲೋ ಮುಗಿದಿತ್ತು.

"ಇದು ಯಂತ್ರದ್ದಲ್ರೀ ಮೇಡಂ," ಅಂದೆ ಕೊನೆಗೆ. "ಅದೂ ನಾನೂ ಒಂದೇ ಗೈಡ್ ಓದೀವಿ ಅಂತ ಕಾಣಸ್ತೈತಿ."

ಮೇಡಂ ಕುರ್ಚಿ ಮುಂದಕ್ಕೆ ಎಳೆದುಕೊಂಡರು. ಆಮೇಲೆ ನಾನು ಅವರ ಬಾಯಲ್ಲಿ ಯಾವತ್ತೂ ಕೇಳಿರದ ಕನ್ನಡದಲ್ಲಿ ಕೇಳಿದರು.

"ನೀಲಿ ರಟ್ಟಿಂದೇನ್ರಿ?"

"ಹೌದ್ರೀ. ಹಿಂದ ಗ್ಲೋಬಿನ ಚಿತ್ರ."

"ನಮ್ಮ ಮನ್ಯಾಗೂ ಇತ್ತು." ಅವರ ಮುಖದಲ್ಲಿ ವಾರ್ಷಿಕೋತ್ಸವದ ಸಣ್ಣದೊಂದು ಸೂಚನೆ ಮೂಡಿ ಮರೆಯಾಯಿತು. ಮತ್ತೆ ಪ್ರಾಂಶುಪಾಲರಾದರು. "ಹಾಗಾದ್ರೆ ಇದ್ರಲ್ಲಿ ನಿಮ್ಮದು ಯಾವುದು?"

ಕಾಗದ ನೋಡಿದೆ. ಹಳದಿಯ ನಡುವೆ ಆ ಒಂದು ಬಿಳಿಯ ಸಾಲು. ನಮ್ಮ ಬೀದಿಯಲ್ಲಿ ಪೇಪರಿಗಿಂತ ಮೊದಲು ನೀರಿನ ಟ್ಯಾಂಕರ್ ಬರುತ್ತದೆ, ಎಂದು ಬರೆದಿದ್ದೆ. ಬೆಳಿಗ್ಗೆ ಅದರ ಹಾರ್ನಿಗೇ ನಾನು ಏಳುವುದು. ತೋರಿಸಿದೆ.

"ಅದಾ," ಅಂದರು ಹನುಮಂತರಾಯಪ್ಪ ಸರ್, ಪ್ರಾಮಾಣಿಕವಾಗಿ. "ಅದೊಂದು ಲೈನ್ ಎಸ್ಸೇಗೆ ಹೊಂದ್ತಿಲ್ಲ, ತೆಗೀರಿ ಅಂತ ಹೇಳ್ಬೇಕು ಅಂತಿದ್ದೆ."

"ನಾನೂ ತೆಗೀಬೇಕು ಅಂತಿದ್ದೆ ಸರ್," ಅಂದೆ.

ತೀರ್ಪು ಅಲ್ಲೇ ಆಯಿತು. "ಯಂತ್ರದ್ದಲ್ಲ, ಒಪ್ಪಿದೆ," ಅಂದರು ಮೇಡಂ. "ಆದ್ರೆ ನಿಮ್ಮದು ಅಂತಾನೂ ನಾನು ಹೇಳಲ್ಲ. ಈ ಮಾಡೆಲ್ ಎಸ್ಸೇ ವಾಪಸ್ ತಗೊಳ್ಳಿ. ಒಂದು ಸೆಮಿಸ್ಟರ್ ಕೊಡ್ತೀನಿ. ಆದ್ರೆ ಇನ್ಮುಂದೆ ಸುತ್ತೋಲೆ, ಭಾಷಣ, ಏನೂ ನೀವು ಬರೀಬಾರ್ದು. ಎಲ್ಲಾ ಸೆಕ್ಷನ್ನಿನ ಓರಲ್ಸ್ ನಿಮ್ಮದು. ಫ್ರೆಶರ್ಸ್ ಡೇ ದಿನ ಮೈಕ್ ಹಿಡಿಯೋದೂ ನೀವೇ. ಈಗ ಮಾತಾಡಿದ್ರಲ್ಲ, ಹಾಗೆ."

"ಮತ್ತೆ ಸುತ್ತೋಲೆ?" ಅಂದರು ಸರ್. ಅವರ ಮುಖ ಬಿಳಿಚಿತ್ತು.

"ನೀವು ಬರೀರಿ."

ಹೊರಗೆ ಮೆಟ್ಟಿಲ ಮೇಲೆ ಇಬ್ಬರೂ ಕಾಯುತ್ತಿದ್ದರು. "ಮ್ಯಾಮ್, ಏನಾಯ್ತು?" ಅಂದಳು ರಕ್ಷಿತಾ.

"ಪಾಸ್."

"ಎಷ್ಟಕ್ಕೆ ಎಷ್ಟು?"

"ಹನ್ನೊಂದು ಅಂದ್ಕೋ." ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಕೆಲಸ ಉಳಿಯಿತು, ಯಾವುದಕ್ಕೆ ಹೆದರಿ ಆ ಕೆಲಸ ಹಿಡಿದಿದ್ದೆನೋ ಅದೇ ಈಗ ಕೆಲಸವಾಗಿತ್ತು. ಅವ್ವನಿಗೆ ಫೋನ್ ಮಾಡಿದೆ. "ಅಷ್ಟೊತ್ತು ನೀ ಮಾತಾಡಿದ್ಯಾ?" ಅಂದಳು. "ಯಾರರೇ ಗಂಡಸರು ಇದ್ರೇನ ಅಲ್ಲೆ?"

ಹನುಮಂತರಾಯಪ್ಪ ಸರ್ ಅವರ ಮೊದಲ ಸುತ್ತೋಲೆ ಬಂದಾಗ ಭಾಷೆ ಸುಲಲಿತವಾಗಿತ್ತು. ಸಾಫ್ಟ್‌ವೇರ್ ಅದನ್ನು ಶೇಕಡಾ ನಾಲ್ಕು ಮಾತ್ರ ಯಂತ್ರ ಎಂದಿತು. ಯಾವ ಎಐ ಬಳಸುತ್ತಾರೆಂದು ಕೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಮುಂದಿನ ಮೌಖಿಕ ಪರೀಕ್ಷೆಗೆ ನಾನು ಪ್ರಶ್ನೆಯ ಕಾಗದ ಒಯ್ಯಲಿಲ್ಲ. ರಕ್ಷಿತಾ ಎದುರು ಕೂತಳು. ಅವಳ ಪ್ರಬಂಧದ ಮೊದಲ ಸಾಲಿನ ಮೇಲೆ ಬೆರಳಿಟ್ಟು, "ಇದು ನಿನಗೆ ಎಲ್ಲಿಂದ ಬಂತು?" ಎಂದು ಕೇಳಿದೆ.

"ದಟ್ಸ್ ಎ ವೆರಿ ಗುಡ್ ಕ್ವೆಶ್ಚನ್, ಮ್ಯಾಮ್," ಅಂದಳು, ಮುದ್ದಾಗಿ.

ನಾನು ಕಾದೆ. ಅವಳು ಆ ಮಾತಿನಿಂದ ಗಳಿಸಿಕೊಂಡ ಸಮಯ ಮುಗಿಯಿತು. ಇನ್ನಷ್ಟು ಕಾದೆ. ನನಗೆ ನಿಜವಾಗಿ ಬರುವ ವಿದ್ಯೆ ಸುಮ್ಮನಿರುವುದೊಂದೇ. ಅದು ಪರೀಕ್ಷೆ ನಡೆಸುವವಳಿಗೆ ಇಷ್ಟು ಉಪಯೋಗಕ್ಕೆ ಬರುತ್ತದೆಂದು ಯಾವ ಗೈಡೂ ಹೇಳಿರಲಿಲ್ಲ. ಮಾತಿನ ಮಲ್ಲಿಯ ಕಿವಿ ನಿಧಾನಕ್ಕೆ ಕೆಂಪಾಯಿತು.

"ಅದು ಎಐ ಕೊಟ್ಟಿದ್ದು ಮ್ಯಾಮ್," ಅಂದಳು. "ಪೂರ್ತಿ ಅದೇ. ಲಾಸ್ಟಲ್ಲಿ ಒಂದು ಲೈನ್ ನಂದಿದೆ. ಆದ್ರೆ ಚೆನ್ನಾಗಿಲ್ಲ."

"ಅದರ ಬಗ್ಗೆನೇ ಮಾತಾಡು," ಅಂದೆ, ಅವಳ ಹಣೆ ನೋಡುತ್ತ.

"ಮ್ಯಾಮ್, ಕೇಳಿಸ್ಲಿಲ್ಲ."

ಇನ್ನೊಮ್ಮೆ, ಸ್ವಲ್ಪ ಜೋರಾಗಿ ಹೇಳಿದೆ.